ಡಬ್ಬದ ಗ್ರಾಂ, ತಟ್ಟೆಯ ಗ್ರಾಂ

ಭಾರ ಎತ್ತುವವರು ದಿನಕ್ಕೆ ಎಷ್ಟು ಪ್ರೋಟೀನ್ ತಿನ್ನಬೇಕೆಂಬ ಪ್ರಶ್ನೆಗೆ ಕರ್ನಾಟಕದ ಜಿಮ್ಮುಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ದೇಹತೂಕದ ಪ್ರತಿ ಕಿಲೋಗೆ ಎರಡು ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅದರ ಅಂಗವಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸು ಇದರಿಂದ ಬಹಳ ದೂರದಲ್ಲಿದೆ. ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 65 ಕಿಲೋ ತೂಗುವ ಗಂಡಸಿಗೆ ದಿನಕ್ಕೆ 54 ಗ್ರಾಂ ಸಾಕೆಂದು ಅದು ಹೇಳುತ್ತದೆ. ಎರಡನೆಯ ಪಕ್ಷದವರು ಮೊದಲನೆಯವರನ್ನು ಪುಡಿ ಮಾರುವವರ ಏಜೆಂಟರೆಂದೂ, ಅವರು ಇವರನ್ನು ಜಿಮ್ಮಿನ ಮೆಟ್ಟಿಲು ಹತ್ತದ ಪಂಡಿತರೆಂದೂ ಜರೆಯುವುದು ನಡೆದೇ ಇದೆ. ಈ ಜಗಳದಲ್ಲಿ ಸೋಜಿಗದ ಸಂಗತಿಯೆಂದರೆ, ಇಬ್ಬರೂ ಕಿತ್ತಾಡುತ್ತಿರುವ ಅಂಕಿ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಇತ್ಯರ್ಥವಾಗದೆ ಉಳಿದಿರುವುದು, ಇಬ್ಬರೂ ಎಣಿಸುತ್ತಿರುವ ಗ್ರಾಂ ಯಾವ ಗ್ರಾಂ ಎಂಬುದು. ಡಬ್ಬದ ಮೇಲೆ ಅಚ್ಚಾದ ಗ್ರಾಂ, ಅಂಗಡಿಯಲ್ಲಿ ತೂಗಿಸಿಕೊಂಡ ಹಸಿ ಬೇಳೆಯೊಳಗಿನ ಗ್ರಾಂ, ಬೆಂದು ತಟ್ಟೆಗೆ ಬಿದ್ದ ಗ್ರಾಂ, ಕೊನೆಗೆ ಕರುಳು ಹೀರಿಕೊಂಡು ರಕ್ತಕ್ಕೆ ಸೇರಿಸಿದ ಗ್ರಾಂ, ಈ ನಾಲ್ಕೂ ಬೇರೆಬೇರೆಯಾಗಿದ್ದು, ಪ್ರಚಲಿತ ಲೆಕ್ಕಾಚಾರ ಇವನ್ನು ಒಂದೇ ಚೀಲಕ್ಕೆ ಸುರಿದು ತೂಗುತ್ತದೆ.

ಮೊದಲು 0.83ರ ಹುಟ್ಟನ್ನು ನೋಡಬೇಕು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ 16ರಷ್ಟು ಸಾರಜನಕ ಇರುವುದರಿಂದ, ತಿಂದ ಆಹಾರದ ಸಾರಜನಕವನ್ನೂ ಮಲಮೂತ್ರಗಳಲ್ಲಿ ಹೊರಹೋದ ಸಾರಜನಕವನ್ನೂ ಅಳೆದು, ಎರಡೂ ಸರಿಸಮವಾಗುವ ಪ್ರಮಾಣವನ್ನು ದೇಹದ ಕನಿಷ್ಠ ಅಗತ್ಯವೆಂದು ಹಿಡಿಯುವ ಪದ್ಧತಿಗೆ ಸಾರಜನಕ ಸಮತೋಲನ ಎಂದು ಹೆಸರು. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸರಾಸರಿ ಅಗತ್ಯ 0.66 ಗ್ರಾಂ ಎಂದು ಬಂತು. ಜನರಲ್ಲಿ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸವನ್ನು ಗಮನಿಸಿ ಬಹುತೇಕ ಎಲ್ಲರಿಗೂ ಸಾಲುವಂತೆ ಅದನ್ನು ಏರಿಸಿದಾಗ 0.83 ಆಯಿತು. ಇದು ಇರುವುದನ್ನು ಕಳೆದುಕೊಳ್ಳದಿರಲು ಬೇಕಾದ ಅಳತೆಯೇ ಹೊರತು, ಇಲ್ಲದ್ದನ್ನು ಕಟ್ಟಲು ಬೇಕಾದ ಅಳತೆಯಲ್ಲ. ಸೋರುವ ಮನೆಗೆ ಹೆಂಚು ಹೊದಿಸುವ ಖರ್ಚನ್ನು ತೋರಿಸಿ ಮಹಡಿ ಕಟ್ಟುವವನಿಗೆ ಇಷ್ಟೇ ಸಾಕು ಎನ್ನುವುದು ಹೇಗೋ, ಈ ಅಂಕಿಯನ್ನು ಭಾರ ಎತ್ತುವವರ ಮುಂದೆ ಹಿಡಿಯುವುದೂ ಹಾಗೆಯೇ.

ಎರಡು ಗ್ರಾಮಿನ ಹುಟ್ಟು ಇಷ್ಟು ಶಾಸ್ತ್ರೀಯವಾದುದಲ್ಲ. ಅಮೆರಿಕದ ದೇಹದಾರ್ಢ್ಯ ಪತ್ರಿಕೆಗಳು ದಶಕಗಳ ಕಾಲ ಹೇಳಿಕೊಂಡು ಬಂದದ್ದು ದೇಹತೂಕದ ಒಂದು ಪೌಂಡಿಗೆ ಒಂದು ಗ್ರಾಂ ಎಂದು. ನೆನಪಿನಲ್ಲಿಡಲು ಸುಲಭವಾದ ಆ ಸೂತ್ರವನ್ನು ಕಿಲೋಗೆ ತಿರುಗಿಸಿದರೆ 2.2 ಆಗುತ್ತದೆ. ಅಂದರೆ ಈ ಅಂಕಿಯ ದುಂಡುತನ ಪೌಂಡು ಎಂಬ ಅಳತೆಯಿಂದ ಬಂದದ್ದು, ಸ್ನಾಯುವಿನಿಂದ ಬಂದದ್ದಲ್ಲ. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ರಾಬರ್ಟ್ ಮಾರ್ಟನ್ ಮತ್ತು ಸಂಗಡಿಗರು 49 ಪ್ರಯೋಗಗಳ, 1,863 ಜನರ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿ, ಪ್ರೋಟೀನ್ ಏರಿಸಿದಂತೆ ಸ್ನಾಯು ಹೆಚ್ಚುವ ಗೆರೆ 1.62 ಗ್ರಾಂ ಹತ್ತಿರ ಮಟ್ಟಸವಾಗುತ್ತದೆಂದು ತೋರಿಸಿದರು. ಈ ಅಂದಾಜಿನ ಅನಿಶ್ಚಿತತೆ 1.03ರಿಂದ 2.20ರವರೆಗೆ ಹರಡಿಕೊಂಡಿದ್ದು, ಎರಡು ಗ್ರಾಂ ಪಕ್ಷದವರು ಮೇಲಿನ ತುದಿಯನ್ನು ಮಾತ್ರ ಹಿಡಿದು ಮೆರೆಸುತ್ತಾರೆ; ಕೆಳಗಿನ ತುದಿಯೂ ಅಷ್ಟೇ ಸಂಭವನೀಯ ಎಂಬುದನ್ನು ಹೇಳುವವರು ಕಡಿಮೆ. ಅದೇ ಪರಿಶೀಲನೆಯ ಇನ್ನೊಂದು ಅಂಕಿ ಜಿಮ್ಮಿನ ಗೋಡೆಯ ಮೇಲೆ ಎಲ್ಲಿಯೂ ಕಾಣಸಿಗುವುದಿಲ್ಲ: ವಾರಗಟ್ಟಲೆ ಹೆಚ್ಚುವರಿ ಪ್ರೋಟೀನ್ ತಿಂದವರು ತಿನ್ನದವರಿಗಿಂತ ಗಳಿಸಿದ ಕೊಬ್ಬುರಹಿತ ತೂಕ ಸರಾಸರಿ 300 ಗ್ರಾಂ ಮಾತ್ರ. ಉಳಿದ ಗಳಿಕೆಯೆಲ್ಲ ಎತ್ತಿದ್ದರಿಂದಲೇ ಬಂದದ್ದು.

ಹೀಗೇಕೆಂದು ಒಂದು ಸರಳ ಗಣಿತ ತಿಳಿಸುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು, ಪ್ರೋಟೀನ್ ಇರುವುದು ಐದರಲ್ಲಿ ಒಂದು ಪಾಲು. ಹೊಸಬನೊಬ್ಬ ಚೆನ್ನಾಗಿ ಪಳಗಿ ತಿಂಗಳಿಗೆ ಒಂದು ಕಿಲೋ ಸ್ನಾಯು ಬೆಳೆಸಿಕೊಂಡನೆಂದೇ ಇಟ್ಟುಕೊಂಡರೂ ಅದರೊಳಗಿನ ಪ್ರೋಟೀನ್ 200 ಗ್ರಾಂ, ದಿನದ ಲೆಕ್ಕಕ್ಕೆ ಏಳು ಗ್ರಾಮಿಗಿಂತಲೂ ಕಡಿಮೆ. ಏಳು ಗ್ರಾಮನ್ನು ಮೈಗೂಡಿಸಿಕೊಳ್ಳಲು ಐವತ್ತು ಗ್ರಾಂ ಹೆಚ್ಚು ತಿನ್ನಬೇಕಾಗುವುದು, ದೇಹ ದಿನವೂ ತನ್ನದೇ ಪ್ರೋಟೀನನ್ನು 250ರಿಂದ 300 ಗ್ರಾಂ ಒಡೆದು ಮತ್ತೆ ಕಟ್ಟುತ್ತಿರುವುದರಿಂದ ಮತ್ತು ಈ ವ್ಯವಹಾರದಲ್ಲಿ ಒಂದಿಷ್ಟು ಸೋರಿಕೆ ಅನಿವಾರ್ಯವಾದುದರಿಂದ. ಎತ್ತುವ ಕೆಲಸಕ್ಕೇ ಪ್ರೋಟೀನ್ ಉರಿಯುತ್ತದೆ ಎಂಬ ನಂಬಿಕೆ ಮಾತ್ರ ನೂರೈವತ್ತು ವರ್ಷಗಳ ಹಿಂದೆಯೇ ಬಿದ್ದುಹೋಗಿದೆ. ಸ್ನಾಯು ತನ್ನನ್ನೇ ಉರಿಸಿಕೊಂಡು ಕೆಲಸ ಮಾಡುತ್ತದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಲೀಬಿಗ್ ಸಾರಿದ್ದನ್ನು ಪರೀಕ್ಷಿಸಲು, 1865ರಲ್ಲಿ ಅಡಾಲ್ಫ್ ಫಿಕ್ ಮತ್ತು ಯೊಹಾನೆಸ್ ವಿಸ್ಲಿಸೆನಸ್ ಎಂಬಿಬ್ಬರು ಪ್ರೋಟೀನ್ ಇಲ್ಲದ ಆಹಾರ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ದಾರಿಯುದ್ದಕ್ಕೂ ಹಿಡಿದಿಟ್ಟ ಮೂತ್ರದ ಸಾರಜನಕವನ್ನು ಅಳೆದಾಗ, ದೇಹದಲ್ಲಿ ಉರಿದ ಪ್ರೋಟೀನಿನ ಶಕ್ತಿ ಬೆಟ್ಟ ಹತ್ತಲು ಬೇಕಾದ ಶಕ್ತಿಗೆ ಎಲ್ಲಿಯೂ ಸಾಲದೆಂದು ಗೊತ್ತಾಯಿತು. ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು.

ಈ ಮಾತನ್ನು ಯಾವ ಪ್ರಯೋಗವನ್ನೂ ಮಾಡದೆ ಅರಿತಿದ್ದವರು ಗರಡಿಯವರು. ಮೈಸೂರಿನ ಮತ್ತು ಉತ್ತರ ಕರ್ನಾಟಕದ ಗರಡಿ ಮನೆಗಳಲ್ಲಿ ಹಾಲು, ತುಪ್ಪ, ಬಾದಾಮಿಗಳಿಗೆ ಇದ್ದ ಪಟ್ಟವನ್ನು ಇಂದಿನ ಟ್ರೇನರುಗಳು ಹಳೆಯ ಕಾಲದ ಅಜ್ಞಾನವೆಂದು ನಗೆಯಾಡುತ್ತಾರೆ. ತುಪ್ಪದಲ್ಲಿ ಪ್ರೋಟೀನ್ ಶೂನ್ಯವೆಂಬುದೂ ನಿಜ. ಆದರೆ ದಂಡ ಬಸ್ಕಿ ಹೊಡೆದು ಗದೆ ತಿರುಗಿಸಿ ಅಖಾಡದ ಮಣ್ಣಿನಲ್ಲಿ ಗಂಟೆಗಟ್ಟಲೆ ಹೊರಳಾಡುವ ಪೈಲ್ವಾನನಿಗೆ ಶಕ್ತಿ ಸಾಲದೆಹೋದರೆ, ಅವನು ಕುಡಿದ ಹಾಲಿನ ಪ್ರೋಟೀನ್ ಸ್ನಾಯುವಿಗೆ ಹೋಗುವ ಬದಲು ಒಲೆಗೆ ಹೋಗುತ್ತದೆ; ತುಪ್ಪ ಮಾಡಿದ್ದು ಆ ಪ್ರೋಟೀನನ್ನು ಕಾಯುವ ಕೆಲಸ. ಅನ್ನ ಬಿಟ್ಟು, ಎಣ್ಣೆ ಬಿಟ್ಟು, ಬೇಯಿಸಿದ ಕೋಳಿ ಮತ್ತು ಪುಡಿಯ ಮೇಲೆ ಬದುಕುತ್ತ, ಆರು ತಿಂಗಳಾದರೂ ಬಾರ್‌ಬೆಲ್ಲಿಗೆ ಒಂದು ಪ್ಲೇಟು ಸೇರಿಸಲಾಗದೆ ಒದ್ದಾಡುವ ಇಂದಿನ ಹುಡುಗನಿಗಿಂತ ಗರಡಿಯ ಉಸ್ತಾದರ ತಿಳಿವಳಿಕೆ ಈ ಒಂದು ವಿಷಯದಲ್ಲಿ ಮೇಲು. ತೂಕದ ಲೆಕ್ಕವನ್ನು ಕುರುಡಾಗಿ ಹಿಡಿಯುವುದೂ ಇಂಥದೇ ತಪ್ಪು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯಂಥ ಲಿಫ್ಟರಿನ ತೂಕಕ್ಕೆ 1.6ರ ಲೆಕ್ಕದಲ್ಲಿ ಬರುವುದು ದಿನಕ್ಕೆ 90 ಗ್ರಾಂ. ಹೊಟ್ಟೆ ಕರಗಿಸಲೆಂದು ನಿನ್ನೆ ಸೇರಿದ 100 ಕಿಲೋ ತೂಕದವನಿಗೆ ಎರಡರ ಲೆಕ್ಕದಲ್ಲಿ ಬರುವುದು 200 ಗ್ರಾಂ. ಕೊಬ್ಬಿನ ಅಂಗಾಂಶ ಪ್ರೋಟೀನಿಗೆ ಅಷ್ಟಾಗಿ ಕೈಚಾಚುವುದಿಲ್ಲವಾದ್ದರಿಂದ, ಗುಣಿಸಬೇಕಾದದ್ದು ಇರುವ ತೂಕವನ್ನಲ್ಲ, ಇರಬೇಕಾದ ತೂಕವನ್ನು.

ಹೊತ್ತಿನ ಕುರಿತ ನಿಯಮಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವರ್ಕೌಟ್ ಮುಗಿದ ಅರ್ಧ ಗಂಟೆಯೊಳಗೆ ಶೇಕ್ ಕುಡಿಯದಿದ್ದರೆ ಶ್ರಮ ವ್ಯರ್ಥವೆಂಬ ಮಾತನ್ನು 2013ರ ಒಂದು ಒಟ್ಟು ವಿಶ್ಲೇಷಣೆ ಪರಿಶೀಲಿಸಿ, ದಿನದ ಒಟ್ಟು ಪ್ರಮಾಣವನ್ನು ಗಣನೆಗೆ ತೆಗೆದುಕೊಂಡಾಗ ಹೊತ್ತಿನ ಮಹಿಮೆ ಅಳಿಸಿಹೋಗುತ್ತದೆಂದು ತೋರಿಸಿತು. ಒಂದು ಬಾರಿಗೆ 30 ಗ್ರಾಮಿಗಿಂತ ಹೆಚ್ಚು ಮೈಗೆ ಹತ್ತದೆಂಬ ಮಾತಿಗೂ, 100 ಗ್ರಾಮನ್ನು ಒಮ್ಮೆಗೇ ಕೊಟ್ಟಾಗ ಸ್ನಾಯು ಅದನ್ನು ಹನ್ನೆರಡು ಗಂಟೆಗಳ ಕಾಲ ನಿಧಾನವಾಗಿ ಬಳಸಿಕೊಂಡದ್ದನ್ನು ಕಂಡ 2023ರ ಡಚ್ ಪ್ರಯೋಗದ ನಂತರ ಬೆಲೆ ಉಳಿದಿಲ್ಲ.

ಇನ್ನು ತಟ್ಟೆಗೆ ಬರಬಹುದು. ಹಳೆ ಮೈಸೂರು ಸೀಮೆಯಲ್ಲಿ ಕಸುವಿಗೆ ಇನ್ನೊಂದು ಹೆಸರೇ ರಾಗಿ ಎಂಬಷ್ಟು ಅದರ ಮೇಲೆ ಭರವಸೆಯಿದೆ, ಪ್ರೋಟೀನಿನ ಆಗರವೆಂಬ ಜಾಹೀರಾತಿನ ಬಿರುದೂ ಈಚೆಗೆ ಅದಕ್ಕೆ ಅಂಟಿಕೊಂಡಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಇರುವುದು ಸುಮಾರು ಏಳು ಗ್ರಾಂ, ಅಕ್ಕಿಗಿಂತ ತುಸು ಕಡಿಮೆಯೇ. ರಾಗಿಯ ಹೆಚ್ಚುಗಾರಿಕೆ ಸುಣ್ಣದ ಅಂಶ ಮತ್ತು ನಾರಿನಲ್ಲಿದೆ. 100 ಗ್ರಾಂ ಹಿಟ್ಟು ನೀರು ಕುಡಿದು ಸುಮಾರು 300 ಗ್ರಾಮಿನ ಮುದ್ದೆಯಾದಾಗ ಅದರ ಒಳಗಿರುವುದು ಅದೇ ಏಳು ಗ್ರಾಂ. ಜೊತೆಗೆ ಬರುವ ಸಾರಿನ ಕಥೆ ಇನ್ನೂ ಸೂಕ್ಷ್ಮವಾದದ್ದು. ಬಸ್ಸಾರು ಮಾಡುವಾಗ ಹುರುಳಿಯನ್ನೋ ಹೆಸರುಕಾಳನ್ನೋ ಸೊಪ್ಪಿನೊಂದಿಗೆ ಬೇಯಿಸಿ, ನೀರನ್ನು ಬಸಿದು, ಬಸಿದ ಕಟ್ಟಿಗೆ ಒಂದು ಹಿಡಿ ಕಾಳನ್ನು ಮಸಾಲೆಯೊಡನೆ ರುಬ್ಬಿ ಹಾಕಿ ಸಾರು ಕುದಿಸುತ್ತಾರೆ; ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತೆರಡು ಗ್ರಾಂ ಪ್ರೋಟೀನ್ ಇದೆಯೆಂದು ಓದಿ ಬಂದವನು ಎರಡು ಮುದ್ದೆಗೆ ಬಟ್ಟಲು ಬಟ್ಟಲು ಸಾರು ಹಾಕಿಸಿಕೊಂಡು ಪಲ್ಯವನ್ನು ನಂಚಿಕೊಳ್ಳುವಷ್ಟಕ್ಕೆ ಮುಟ್ಟಿದರೆ, ಅವನಿಗೆ ಸಿಕ್ಕಿದ್ದು ರುಚಿಯೇ ಹೊರತು ಹುರುಳಿಯಲ್ಲ. ಪ್ರೋಟೀನಿನ ಹೆಚ್ಚಿನ ಪಾಲು ಪಲ್ಯದ ಬಟ್ಟಲಲ್ಲೇ ಕುಳಿತಿರುತ್ತದೆ. ಸಾರು ಎಂಬ ಪದ ಸತ್ವವೆಂಬ ಅರ್ಥದ ಸಾರಕ್ಕೆ ಇಷ್ಟು ಹತ್ತಿರವಾಗಿ ಕೇಳಿಸುವ ಭಾಷೆಯಲ್ಲಿ ಇದು ಒಂದು ಸಣ್ಣ ವಿಪರ್ಯಾಸ.

ತಟ್ಟೆಯಿಂದ ಕರುಳಿಗೆ ಹೋದರೆ ಲೆಕ್ಕ ಮತ್ತೊಮ್ಮೆ ಬದಲಾಗುತ್ತದೆ, ಮತ್ತು ಈ ಹಂತವನ್ನು ಜಿಮ್ಮಿನವರಾಗಲೀ ಅವರ ಟೀಕಾಕಾರರಾಗಲೀ ಮುಟ್ಟುವುದೇ ಇಲ್ಲ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳ ಸರಪಳಿ. ಅವುಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಲಾರದಾದ್ದರಿಂದ ಆಹಾರದಿಂದಲೇ ಪಡೆಯಬೇಕು. ಅಕ್ಕಿ ರಾಗಿಗಳಲ್ಲಿ ಲೈಸಿನ್ ಎಂಬ ಘಟಕ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ; ಬೇಳೆಗೆ ಕೊರತೆಯಿರುವ ಮಿಥಿಯೊನಿನ್ ಧಾನ್ಯದಲ್ಲಿದೆ. ಅನ್ನ ಸಾರು, ಮುದ್ದೆ ಬಸ್ಸಾರುಗಳ ಜೋಡಿ ಈ ಕೊಡುಕೊಳುವಿಕೆಯನ್ನು ಸಾಧಿಸುತ್ತದೆಂಬ ಮಾತು ಶಾಲೆಯ ಪಠ್ಯದಲ್ಲೂ ಇರುವಂಥದ್ದೇ. ಆದರೆ ಕಾಳಿನಲ್ಲಿರುವುದೆಲ್ಲ ಮೈಗೆ ಹತ್ತುತ್ತದೆಯೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಈ ಪ್ರಶ್ನೆಗೆ ಹೊಸ ಬಗೆಯಲ್ಲಿ ಉತ್ತರ ಹುಡುಕಿದ್ದಾರೆ. ಭಾರಜಲಜನಕದಿಂದ ಗುರುತು ಹಾಕಿ ಬೆಳೆಸಿದ ಕಾಳನ್ನು ಅಡುಗೆ ಮಾಡಿ ಉಣಿಸಿ, ಆ ಗುರುತು ರಕ್ತದಲ್ಲಿ ಎಷ್ಟು ಕಾಣಿಸಿಕೊಳ್ಳುತ್ತದೆಂದು ಅಳೆಯುವ ಈ ವಿಧಾನದಲ್ಲಿ ಇಡೀ ಹೆಸರುಕಾಳಿನ ಅಗತ್ಯ ಅಮೈನೋ ಆಮ್ಲಗಳು ಜೀರ್ಣವಾಗಿ ಸೇರಿದ್ದು ಸುಮಾರು ಶೇ 63. ಮೊಟ್ಟೆ ಮತ್ತು ಕೋಳಿಮಾಂಸದ್ದು ಶೇ 90ರ ಆಸುಪಾಸು. ಸಿಪ್ಪೆ ತೆಗೆದ ಹೆಸರುಬೇಳೆಗೆ ಬಂದಾಗ ಅಂಕಿ ಶೇ 70ರ ಗಡಿ ದಾಟಿತು. ಕಾಳು ಬೇರೆ, ಬೇಳೆ ಬೇರೆ ಎಂದು ಎರಡು ಹೆಸರಿಟ್ಟು, ಒಂದನ್ನು ನೆನೆಸಿ ಮೊಳಕೆ ಕಟ್ಟಿಸಿ, ಇನ್ನೊಂದನ್ನು ಹಾಗೆಯೇ ಬೇಯಿಸುವ ಕನ್ನಡದ ಅಡುಗೆಮನೆಗೆ ಈ ವ್ಯತ್ಯಾಸ ಒಂದು ಬಗೆಯಲ್ಲಿ ಮೊದಲೇ ತಿಳಿದಿತ್ತೆನ್ನಬೇಕು.

ಹೀಗಿರುವಾಗ 1.6 ಎಂಬ ಅಂಕಿಯನ್ನು ಸಸ್ಯಾಹಾರಿಯ ತಟ್ಟೆಗೆ ಯಥಾವತ್ತಾಗಿ ಇಳಿಸುವುದು ಸಾಧುವೇ ಎಂಬ ಪ್ರಶ್ನೆ ಏಳುತ್ತದೆ. 2021ರಲ್ಲಿ ಬ್ರೆಜಿಲ್ಲಿನ ಸಾವೊ ಪೌಲೊದಲ್ಲಿ ನಡೆದ ಪ್ರಯೋಗವೊಂದು, ಪ್ರಾಣಿಜನ್ಯ ಆಹಾರವನ್ನೇ ಮುಟ್ಟದ ತರುಣರನ್ನೂ ಎಲ್ಲವನ್ನೂ ತಿನ್ನುವ ತರುಣರನ್ನೂ ಹನ್ನೆರಡು ವಾರ ಒಂದೇ ರೀತಿ ಪಳಗಿಸಿ, ಎರಡೂ ಗುಂಪಿಗೆ 1.6 ಗ್ರಾಂ ತಲುಪಿಸಿದಾಗ ಸ್ನಾಯುವಿನ ಬೆಳವಣಿಗೆ ಸಮನಾಗಿ ಬಂದದ್ದನ್ನು ಕಂಡಿತು. ಸಸ್ಯಾಹಾರದ ಸಮರ್ಥಕರು ಇದನ್ನು ಸಂಭ್ರಮದಿಂದ ಉಲ್ಲೇಖಿಸುತ್ತಾರೆ. ಅವರು ಬಿಟ್ಟುಬಿಡುವ ವಿವರವೆಂದರೆ, ಆ ತರುಣರಿಗೆ ಕೊರತೆ ತುಂಬಿದ್ದು ಸೋಯಾದಿಂದ ಬೇರ್ಪಡಿಸಿದ, ಸುಲಭವಾಗಿ ಜೀರ್ಣವಾಗುವ ಪುಡಿ, ಹುರುಳಿ ಉಸಲಿಯಲ್ಲ. ಗುರಿಯನ್ನು ಬೇಳೆಯೊಂದರಿಂದಲೇ ಮುಟ್ಟಹೊರಟರೆ 65 ಕಿಲೋದವನು ಹೆಚ್ಚುಕಡಿಮೆ ಅರ್ಧ ಕಿಲೋ ಹಸಿ ಬೇಳೆ ತಿನ್ನಬೇಕಾಗುತ್ತದೆ. ಬೆಂದಾಗ ಒಂದು ಕಿಲೋ ಮೀರುವ ಅದನ್ನು ದಿನವೂ ಉಂಡು, ಮರುದಿನ ಬೆಳಗ್ಗೆ ಹೊಟ್ಟೆಯುಬ್ಬರದೊಂದಿಗೆ ಸ್ಕ್ವಾಟ್ ಹೊಡೆಯುವವನ ಪಾಡು ಊಹಿಸಿದರೆ ಸಾಕು.

ಜಿಮ್ಮಿನ ಇನ್ನೊಂದು ಆಚಾರ, ಮೊಟ್ಟೆಯ ಹಳದಿಯನ್ನು ಎಸೆಯುವುದು, ಈ ಸಂದರ್ಭದಲ್ಲಿ ಪರೀಕ್ಷೆಗೆ ಯೋಗ್ಯ. ಒಂದು ಮೊಟ್ಟೆಯ ಆರೂವರೆ ಗ್ರಾಂ ಪ್ರೋಟೀನಿನಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಹಳದಿಯಲ್ಲೇ ಇದೆ; ಹತ್ತು ಮೊಟ್ಟೆ ಬೇಯಿಸಿ ಬಿಳಿಯನ್ನಷ್ಟೇ ತಿನ್ನುವವನು ನಾಲ್ಕು ಮೊಟ್ಟೆಗಳ ಪ್ರೋಟೀನನ್ನು ಕಸದ ಬುಟ್ಟಿಗೆ ಹಾಕಿ, ಅದನ್ನು ತುಂಬಿಕೊಳ್ಳಲು ಪುಡಿ ಕೊಳ್ಳುತ್ತಾನೆ. 2017ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರೋಟೀನ್ ಪ್ರಮಾಣ ಎರಡರಲ್ಲೂ 18 ಗ್ರಾಂ ಇರುವಂತೆ ಇಡೀ ಮೊಟ್ಟೆಯನ್ನೂ ಬರೀ ಬಿಳಿಯನ್ನೂ ಕೊಟ್ಟು ನೋಡಿದಾಗ, ವ್ಯಾಯಾಮದ ನಂತರ ಸ್ನಾಯು ಕಟ್ಟುವ ಕ್ರಿಯೆ ಇಡೀ ಮೊಟ್ಟೆ ತಿಂದವರಲ್ಲೇ ಹೆಚ್ಚು ಕಂಡಿತು. ಇದು ಹತ್ತು ತರುಣರ ಮೇಲೆ ಕೆಲವೇ ಗಂಟೆ ನಡೆಸಿದ ಅಳತೆ. ತಿಂಗಳುಗಳ ಬೆಳವಣಿಗೆಯ ಸಾಕ್ಷಿಯೆಂದು ಇದನ್ನು ಹಿಗ್ಗಿಸಲಾಗದು, ಆದರೂ ಎಸೆಯುವ ಪರ ವಾದಕ್ಕೆ ಇಷ್ಟು ಆಧಾರವೂ ಇಲ್ಲ. ಕೊಲೆಸ್ಟರಾಲ್ ಹೆಚ್ಚಿರುವವರು ವೈದ್ಯರನ್ನು ಕೇಳಿ ನಿರ್ಧರಿಸಬೇಕಾದ ಮಾತು ಬೇರೆ.

ಉಳಿದದ್ದು ಡಬ್ಬದ ಗ್ರಾಂ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಗಿಣ್ಣಾಗಿ ಗಟ್ಟಿಯಾಗುವ ಕೇಸಿನ್, ಒಂದು ಪಾಲು ಹಾಲೊಡಕು ನೀರಿನಲ್ಲಿ ಕರಗಿ ಉಳಿಯುವಂಥದ್ದು. ಚೀಸ್ ಕಾರ್ಖಾನೆಗಳು ಒಂದು ಕಾಲದಲ್ಲಿ ಚರಂಡಿಗೆ ಬಿಡುತ್ತಿದ್ದ ಆ ನೀರನ್ನು ಸೋಸಿ ಒಣಗಿಸಿದರೆ ವೇ ಪ್ರೋಟೀನ್ ಆಗುತ್ತದೆ. ಮನೆಯಲ್ಲಿ ಪನೀರು ಮಾಡಿ ಉಳಿದ ನೀರನ್ನು ಇದೇ ವೇ ಎಂದು ಕುಡಿಯುವವರೂ ಇದ್ದಾರೆ; ಪನೀರಿಗೆ ಹಾಲನ್ನು ಕುದಿಯುವ ಮಟ್ಟಕ್ಕೆ ಕಾಯಿಸುವುದರಿಂದ ಆ ಪ್ರೋಟೀನಿನ ಬಹುಪಾಲು ಪನೀರಿನೊಳಗೇ ಸಿಕ್ಕಿಕೊಂಡು, ನೀರಿನಲ್ಲಿ ಉಳಿಯುವುದು ಅತ್ಯಲ್ಪ. ಪುಡಿಯ ದೋಷ ಅದರ ಸ್ವಭಾವದಲ್ಲಿಲ್ಲ, ಅಳತೆಯಲ್ಲಿದೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ ಯೊಹಾನ್ ಕೆಲ್ಡಾಲ್ ರೂಪಿಸಿದ ವಿಧಾನ ಇಂದಿಗೂ ಪ್ರೋಟೀನ್ ಪರೀಕ್ಷೆಯ ಆಧಾರ: ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಹೊರಬರುವ ಸಾರಜನಕವನ್ನು ಅಳೆದು, 6.25ರಿಂದ ಗುಣಿಸಿದರೆ ಪ್ರೋಟೀನ್. ಈ ಪರೀಕ್ಷೆಗೆ ಕಾಣುವುದು ಸಾರಜನಕ ಮಾತ್ರ, ಅದು ಬಂದ ಮನೆತನವಲ್ಲ. ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲದಲ್ಲಿ ಸಾರಜನಕ ಶೇ 18ಕ್ಕೂ ಹೆಚ್ಚಿರುವುದರಿಂದ, ಒಂದು ಗ್ರಾಂ ಗ್ಲೈಸಿನ್ ಬೆರೆಸಿದರೆ ಪರೀಕ್ಷೆ ಅದನ್ನು 1.17 ಗ್ರಾಂ ಪ್ರೋಟೀನೆಂದು ಓದುತ್ತದೆ. ಬೆರೆಸಿದವನಿಗೆ ಹಾಕಿದ್ದಕ್ಕಿಂತ ಹೆಚ್ಚಿನ ಲಾಭ, ತಿಂದವನಿಗೆ ಸ್ನಾಯು ಕಟ್ಟುವ ಘಟಕಗಳಲ್ಲಿ ಖೋತಾ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದವರು ಬಳಸಿಕೊಂಡದ್ದೂ ಇದೇ ಕುರುಡನ್ನು. ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 25ರಷ್ಟು ಡಬ್ಬಗಳು ಹೇಳಿಕೊಂಡಷ್ಟು ಪ್ರೋಟೀನ್ ಹೊಂದಿರಲಿಲ್ಲ.

ಇಷ್ಟಾಗಿಯೂ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಪುಡಿಗಳಿಂದ ದೂರವಿರಿ ಎಂದದ್ದನ್ನು ಪೂರ್ತಿ ಒಪ್ಪಲಾಗದು. ಪ್ರತಿ ಕಿಲೋಗೆ 1.6 ಗ್ರಾಂ ದಾಟಿದರೆ ವ್ಯಾಯಾಮದ ಗಳಿಕೆ ಹೆಚ್ಚದೆಂದು ಹೇಳುವಲ್ಲಿ, ಸಕ್ಕರೆ ಸಿಹಿಕಾರಕಗಳ ಬಗ್ಗೆ ಎಚ್ಚರಿಸುವಲ್ಲಿ ಅದು ಸರಿಯಾಗಿದೆ. ಆದರೆ ಹೆಚ್ಚು ಪ್ರೋಟೀನ್ ಎಲುಬಿನ ಖನಿಜವನ್ನು ಕರಗಿಸುತ್ತದೆಂಬ ಅದರ ಆತಂಕಕ್ಕೆ ಈಚಿನ ಒಟ್ಟು ವಿಶ್ಲೇಷಣೆಗಳು ಬೆಂಬಲ ಕೊಟ್ಟಿಲ್ಲ. ಮೂತ್ರಪಿಂಡದ ಅಪಾಯ ಈಗಾಗಲೇ ಆ ತೊಂದರೆ ಇರುವವರಿಗೆ ನಿಜವಾಗಿದ್ದು, ಮಧುಮೇಹ ಮತ್ತು ರಕ್ತದೊತ್ತಡದಿಂದ ತೊಂದರೆ ಶುರುವಾಗಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲವಾದ್ದರಿಂದ ಒಂದು ಕ್ರಿಯಾಟಿನಿನ್ ಪರೀಕ್ಷೆಗೆ ಅರ್ಥವಿದೆ, ಆದರೆ ಆರೋಗ್ಯವಂತರ ಮೂತ್ರಪಿಂಡ ಕೆಟ್ಟ ಪುರಾವೆ ಸಿಕ್ಕಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹಾಲು ಮಹಾಮಂಡಳ ನಂದಿನಿ ಹೆಸರಿನಲ್ಲಿ ವೇ ಪ್ರೋಟೀನ್ ಬೆರೆತ ಇಡ್ಲಿ ದೋಸೆ ಹಿಟ್ಟನ್ನು ಮಾರುಕಟ್ಟೆಗೆ ತಂದಿತು. ಡಬ್ಬದಲ್ಲಿದ್ದಾಗ ದೂರವಿಡಬೇಕಾದ ವಸ್ತು ದೋಸೆಯ ಕಾವಲಿಗೆ ಬಿದ್ದಾಗ ತಿಂಡಿಯಾಗುವುದಾದರೆ, ಅಡ್ಡಿ ವಸ್ತುವಿನದಲ್ಲ, ಡಬ್ಬದ್ದು.

ಮಾರ್ಗಸೂಚಿ ಬಿಡಿಸಿ ಹೇಳದೆ ಬಿಟ್ಟದ್ದು, ದಿನಕ್ಕೆ 60 ಗ್ರಾಮಿನಿಂದ 100 ಗ್ರಾಮಿಗೆ ಹೋಗುವ ದಾರಿ. 65 ಕಿಲೋ ತೂಗುವ ಸಸ್ಯಾಹಾರಿಯ ಒಂದು ಸಾಧಾರಣ ದಿನವನ್ನು ತೆಗೆದುಕೊಂಡರೆ, ಬೆಳಗಿನ ಇಡ್ಲಿ ಸಾಂಬಾರು ಚಟ್ನಿಯಿಂದ 9 ಗ್ರಾಂ, ಮಧ್ಯಾಹ್ನ ಎರಡು ಮುದ್ದೆ ಮತ್ತು ಬೇಳೆ ಸಾರಿನಿಂದ 20, ರಾತ್ರಿಯ ಅನ್ನ ಸಾರು ಮೊಸರಿನಿಂದ 24, ಎರಡು ಲೋಟ ಕಾಫಿಯ ಹಾಲಿನಿಂದ 6, ಒಟ್ಟು 59 ಆಗುತ್ತದೆ. ಇದರಲ್ಲಿ ಅರ್ಧಕ್ಕರ್ಧ ಧಾನ್ಯದ್ದು. ಅರ್ಧ ಲೀಟರ್ ಹಾಲು 16 ಗ್ರಾಂ, ಮೂವತ್ತು ಗ್ರಾಂ ಒಣ ಸೋಯಾ ಚಂಕ್ಸ್ 15 ಗ್ರಾಂ, ಒಂದು ಹಿಡಿ ಹುರಿದ ಶೇಂಗಾ 9 ಗ್ರಾಂ ಸೇರಿಸಿದರೆ ನೂರರ ಹತ್ತಿರ ಬರುತ್ತದೆ, ಅದೂ ಒಳ್ಳೆಯ ಗುಣಮಟ್ಟದ ನಲವತ್ತು. ಮಾಂಸಾಹಾರಿಗೆ ಮೂರು ಇಡೀ ಮೊಟ್ಟೆ ಮತ್ತು ನೂರು ಗ್ರಾಂ ಕೋಳಿ, ಕರಾವಳಿಯವರಿಗೆ ಎರಡು ಬಂಗುಡೆ, ಇದೇ ಕೆಲಸವನ್ನು ಇನ್ನೂ ಸಲೀಸಾಗಿ ಮಾಡುತ್ತವೆ. ಹಾಲು ಒಗ್ಗದ, ಮೊಟ್ಟೆ ಮುಟ್ಟದ, ಸೋಯಾದ ವಾಸನೆಗೇ ಮುಖ ಸಿಂಡರಿಸುವ ಮನೆಯಲ್ಲಿ ಮಾತ್ರ ಬಟಾಣಿಯಿಂದಲೋ ಹಾಲೊಡಕಿನಿಂದಲೋ ತೆಗೆದ ಪುಡಿಯ ಒಂದೆರಡು ಸ್ಕೂಪಿಗೆ ನಿಜವಾದ ಜಾಗವಿದೆ, ಡಬ್ಬದ ಮೇಲಿನ ಅಂಕಿಯನ್ನು ಸ್ವತಂತ್ರ ಪ್ರಯೋಗಶಾಲೆಯೊಂದು ತೂಗಿ ನೋಡಿದ್ದರೆ.